ಎರಡು ಸಲ ವಿಲೀನವಾದ ಫ್ರಟರ್ನಿಟಿ: ಕಾಪಾ ನ್ಯೂ ಮತ್ತು ಅದರ ಒಡನಾಡಿಗಳ ಜಾಡು ಹಿಡಿಯುವುದು ಹೇಗೆ?

ಕಡತಕೋಣೆ

ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1911ರ ನವೆಂಬರ್‌ನಲ್ಲಿ ಹುಟ್ಟಿದ ಕಾಪಾ ನ್ಯೂ ಫ್ರಟರ್ನಿಟಿ (ಅಂದರೆ ಕಾಲೇಜು ಹುಡುಗರ ಸಂಘ) 1961ರಲ್ಲಿ ಫೈ ಎಪ್ಸಿಲಾನ್ ಪೈ ಜೊತೆ ಸೇರಿತು. ಒಂಬತ್ತು ವರ್ಷ ಕಳೆಯುವಷ್ಟರಲ್ಲಿ, 1970ರಲ್ಲಿ, ಫೈ ಎಪ್ಸಿಲಾನ್ ಪೈಯೇ ಜೀಟಾ ಬೀಟಾ ಟೌ ಒಳಗೆ ಸೇರಿಕೊಂಡಿತು. ಹೀಗಾಗಿ ಕಾಪಾ ನ್ಯೂ ಕಾಗದಪತ್ರಕ್ಕೆ ಎರಡು ಸಲ ಮನೆ ಬದಲಾಯಿತು. ಅದನ್ನು ಹುಡುಕುವವರು ದಾರಿ ತಪ್ಪುವುದು ಹೆಚ್ಚಾಗಿ ಇಲ್ಲೇ.

ಇದೇ ಬಳಗದ ಇನ್ನಿಬ್ಬರನ್ನೂ ಜೊತೆಗೆ ನೋಡಬೇಕು. ಫೈ ಸಿಗ್ಮಾ ಡೆಲ್ಟಾ 1909ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಫೈ ಆಲ್ಫಾ 1914ರಲ್ಲಿ ವಾಷಿಂಗ್ಟನ್ ನಗರದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ. 1959ರಲ್ಲಿ ಫೈ ಆಲ್ಫಾ ಹೋಗಿ ಫೈ ಸಿಗ್ಮಾ ಡೆಲ್ಟಾ ಸೇರಿತು, 1969ರಲ್ಲಿ ಫೈ ಸಿಗ್ಮಾ ಡೆಲ್ಟಾ ಹೋಗಿ ಜೀಟಾ ಬೀಟಾ ಟೌ ಸೇರಿತು. ಎರಡು ಹಳ್ಳ ಎರಡು ಹೊಳೆಗೆ, ಎರಡೂ ಹೊಳೆ ಒಂದೇ ನದಿಗೆ. ಫೈ ಎಪ್ಸಿಲಾನ್ ಪೈ ಈ ನಾಲ್ಕರಲ್ಲಿ ಹಿರಿಯದು, 1904ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಶುರುವಾದದ್ದು. ನದಿಯಾದ ಜೀಟಾ ಬೀಟಾ ಟೌ 1898ರಲ್ಲಿ ಯಹೂದಿ ವಿದ್ಯಾರ್ಥಿಗಳ ಜಿಯೋನಿಸ್ಟ್ (ಯಹೂದಿಗಳಿಗೆ ಸ್ವಂತ ನಾಡು ಬೇಕೆನ್ನುವ) ಸಂಘವಾಗಿ ಆರಂಭವಾಗಿ, ಕೆಲವು ವರ್ಷಗಳ ನಂತರ ಗ್ರೀಕ್ ಅಕ್ಷರದ ಫ್ರಟರ್ನಿಟಿಯಾಯಿತು. ಅದಕ್ಕೆ ದಾರಿ ತೋರಿದವರು ಕೊಲಂಬಿಯಾದ ಪ್ರೊಫೆಸರ್ ರಿಚರ್ಡ್ ಗಾಟ್‌ಹೈಲ್.

ಹೊಸಬರಿಗೆ ಎರಡು ಮಾತು. ಫ್ರಟರ್ನಿಟಿ ಎಂದರೆ ಬರೀ ಹಾಸ್ಟೆಲ್ ಅಲ್ಲ. ಆಯ್ದವರಿಗೆ ಮಾತ್ರ ಸದಸ್ಯತ್ವ, ಗುಟ್ಟಿನ ದೀಕ್ಷಾವಿಧಿ, ಎದೆಗೆ ಬ್ಯಾಡ್ಜ್, ಓದು ಮುಗಿದ ಮೇಲೂ ಸಾಯುವ ತನಕ ಉಳಿಯುವ ನಂಟು. ಒಂದು ಕಾಲೇಜಿನ ಶಾಖೆಗೆ ಚಾಪ್ಟರ್ ಅನ್ನುತ್ತಾರೆ, ಕೇಂದ್ರ ಸಂಘಟನೆ ಅದಕ್ಕೆ ಸನ್ನದು ಕೊಡುತ್ತದೆ. ಸೇರಬಯಸುವವರನ್ನು ನೋಡಿ ಆರಿಸುವ ದಿನಗಳು ರಷ್. ಆಯ್ಕೆಯಾಗಿ ಇನ್ನೂ ದೀಕ್ಷೆ ಆಗದವನು ಪ್ಲೆಜ್.

ಈ ಎಳೆಯಲ್ಲಿ ಎರಡು ವಿಷಯ ಕೂಡಿಸೋಣ. ಈ ನಾಲ್ಕೂ ಯಾಕೆ ಹುಟ್ಟಿದವು, ಯಾಕೆ ಕರಗಿದವು ಅನ್ನುವುದೊಂದು. ಈಗ ಅವುಗಳ ಗುರುತು ಎಲ್ಲಿ, ಹೇಗೆ ಸಿಗುತ್ತದೆ ಅನ್ನುವುದು ಇನ್ನೊಂದು. ಗುಟ್ಟಿನ ವಿಧಿಯೊಳಗೆ ಏನಿತ್ತು ಅನ್ನುವುದನ್ನು ಇಲ್ಲಿ ತೆರೆಯುವುದು ಬೇಡ. ಇತಿಹಾಸಕ್ಕೆ ಅದರ ಅಗತ್ಯ ಬೀಳುವುದಿಲ್ಲ.

ಜೋಳದರೊಟ್ಟಿ

ಸರ, ಹುಟ್ಟಿದ ಕಾರಣ ಹೇಳಿಬಿಡ್ರಿ ಮೊದಲ. ಅದಿಲ್ಲದ ಮುಂದಿಂದು ತಿಳಿಯಂಗಿಲ್ಲ. ಆವಾಗಿನ ಬಹಳಷ್ಟು ಫ್ರಟರ್ನಿಟಿಗಳು ಯಹೂದಿ ಹುಡುಗರನ್ನ ಒಳಗ ಬಿಡ್ತಿರಲಿಲ್ಲ. ಕೆಲವರ ನಿಯಮಾವಳಿಯೊಳಗ ಬಿಳಿಯರು, ಕ್ರೈಸ್ತರು ಇಷ್ಟ ಅಂತ ಬರದೇ ಇತ್ತು, ಉಳಿದವರು ಬರೀದನ ನಡಸ್ತಿದ್ರು. ಬಾಗಿಲು ಮುಚ್ಚಿದ್ದಕ್ಕ ಇವರು ತಮ್ಮ ಮನಿ ತಾವು ಕಟ್ಟಿಕೊಂಡ್ರು.

1895ರಾಗ ಯೇಲ್ ವಿಶ್ವವಿದ್ಯಾಲಯದೊಳಗ ಪೈ ಲ್ಯಾಂಬ್ಡಾ ಫೈ ಶುರುವಾತು. ಅದು ಯಾವ ಮತದವರಾದರೂ ಬರಬಹುದು ಅಂತ ಬಾಗಿಲು ತಗದದ್ದು. ಇದು ಮುಖ್ಯ, ಯಾಕಂದ್ರ ಮುಂದ ಬಂದ ಫೈ ಎಪ್ಸಿಲಾನ್ ಪೈಯೂ ಕಾಗದದ ಮ್ಯಾಲೆ ಮತಭೇದ ಇಲ್ಲದ ಸಂಸ್ಥೆನ. ನಡದದ್ದು ಮಾತ್ರ ಹೆಚ್ಚುಕಡಿಮಿ ಎಲ್ಲಾ ಯಹೂದಿ ಹುಡುಗರಿಂದ. ಹಂಗಾಗಿ "ಯಹೂದಿ ಫ್ರಟರ್ನಿಟಿ" ಅಂತ ಎಲ್ಲಾದಕ್ಕೂ ಒಂದ ಚೀಟಿ ಅಂಟಸಬ್ಯಾಡ್ರಿ. ನಿಯಮಾವಳಿ ಏನ್ ಹೇಳ್ತದ, ಸದಸ್ಯರ ಪಟ್ಟಿ ಏನ್ ಹೇಳ್ತದ, ಎರಡೂ ಬ್ಯಾರೆ ಬ್ಯಾರೆ ಬರಕೋಬೇಕು.

ಸಿಟಿ ಕಾಲೇಜು ಮತ್ತು ಕೊಲಂಬಿಯಾದಾಗ ಇಷ್ಟೊಂದು ಯಾಕ ಹುಟ್ಟಿದವು ಅಂತೀರಿ? ಸಿಗ್ಮಾ ಆಲ್ಫಾ ಮ್ಯೂ 1909, ಟೌ ಎಪ್ಸಿಲಾನ್ ಫೈ 1910, ಟೌ ಡೆಲ್ಟಾ ಫೈ 1910, ಎಲ್ಲಾ ಅಲ್ಲಿಯವ. ಸಿಟಿ ಕಾಲೇಜಿನಾಗ ಫೀ ಇರಲಿಲ್ಲ. ಪೂರ್ವ ಯುರೋಪಿನಿಂದ ಬಂದ ಕುಟುಂಬದ ಹುಡುಗರು ದಿನಾ ಮನಿಯಿಂದ ಬಂದು ಓದಿ ಹೋಗ್ತಿದ್ರು. ಊಟಕ್ಕ, ಮಾತಿಗೆ, ಕೂಡಾಕ ಒಂದು ಜಾಗ ಬೇಕಿತ್ತು.

ಕಡತಕೋಣೆ

ಸರಿಯಾಗಿ ಹೇಳಿದಿರಿ ರೊಟ್ಟಿಯವರೇ. 1920ರ ದಶಕವನ್ನೂ ಸೇರಿಸುತ್ತೇನೆ. 1922ರಲ್ಲಿ ಹಾರ್ವರ್ಡ್ ಅಧ್ಯಕ್ಷ ಲೊವೆಲ್ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹಾಕುವ ಪ್ರಸ್ತಾಪ ಮುಂದಿಟ್ಟರು. ಕೊಲಂಬಿಯಾ ಅದಕ್ಕೂ ಮೊದಲೇ ಪ್ರವೇಶದ ಕ್ರಮ ಬದಲಿಸಿ ಆ ಪ್ರಮಾಣವನ್ನು ಸುಮಾರು 40 ಪ್ರತಿಶತದಿಂದ ಸುಮಾರು 22ಕ್ಕೆ ಇಳಿಸಿತ್ತು. ಕಾಲೇಜಿನ ಬಾಗಿಲಲ್ಲೇ ಹೀಗಿದ್ದಾಗ ಒಳಗೆ ತಮ್ಮವರ ಮನೆ ಇರುವುದು ಆ ಹುಡುಗರಿಗೆ ಎಷ್ಟು ದೊಡ್ಡ ಆಸರೆ ಎಂದು ಯೋಚಿಸಿ.

ಇನ್ನು ಕರಗಿದ ಕಾರಣ. ಒಂದೇ ಕಾರಣ ಹುಡುಕಬೇಡಿ. 1930ರ ದಶಕದ ಆರ್ಥಿಕ ಕುಸಿತದಲ್ಲಿ ವಂತಿಗೆ ನಿಂತು ಸಾಲದ ಮನೆಗಳು ಕೈಬಿಟ್ಟವು. ಎರಡನೇ ಮಹಾಯುದ್ಧದಲ್ಲಿ ಹುಡುಗರು ಸೈನ್ಯಕ್ಕೆ ಹೋಗಿ ಚಾಪ್ಟರ್‌ಗಳು ಎರಡು ಮೂರು ವರ್ಷ ಮುಚ್ಚಿದವು. ಆದರೆ ಇವು ಯಾವುವೂ ಸಂಸ್ಥೆಯನ್ನೇ ಕೊಲ್ಲಲಿಲ್ಲ. 1944ರ ಜಿ.ಐ. ಕಾಯ್ದೆ ಕೊಟ್ಟ ಓದಿನ ನೆರವಿನಿಂದ, ಯುದ್ಧದಿಂದ ಮರಳಿದ ಸೈನಿಕರು ಕಾಲೇಜುಗಳನ್ನು ತುಂಬಿದರು, ಫ್ರಟರ್ನಿಟಿಗಳೂ ತುಂಬಿದವು.

ನಿಜವಾದ ತಿರುವು ಅದರ ನಂತರದ್ದು. 1948ರಲ್ಲಿ ಆಮ್‌ಹರ್ಸ್ಟ್ ಕಾಲೇಜಿನ ಫೈ ಕಾಪಾ ಸೈ ಚಾಪ್ಟರ್ ಒಬ್ಬ ಕಪ್ಪು ವಿದ್ಯಾರ್ಥಿಯನ್ನು ತೆಗೆದುಕೊಂಡಿತು, ಕೇಂದ್ರ ಸಂಘಟನೆ ಆ ಚಾಪ್ಟರನ್ನೇ ಹೊರಹಾಕಿತು. ದೇಶವೆಲ್ಲ ಚರ್ಚೆಯಾಯಿತು. 1953ರಲ್ಲಿ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ತನ್ನ ಕಾಲೇಜುಗಳ ಸಾಮಾಜಿಕ ಸಂಘಗಳು ಹೊರಗಿನ ರಾಷ್ಟ್ರೀಯ ಸಂಘಟನೆಗಳ ನಂಟು ಕಡಿಯಬೇಕು ಎಂದಿತು. ಕೋರ್ಟಿಗೆ ಹೋದರೂ 1954ರಲ್ಲಿ ಆ ತೀರ್ಮಾನ ನಿಂತಿತು. ಅದೇ ವರ್ಷ ಡಾರ್ಟ್‌ಮತ್ ವಿದ್ಯಾರ್ಥಿಗಳು ಭೇದದ ನಿಯಮ ತೆಗೆಯಲು 1960ರ ಗಡುವು ಹಾಕಿ ಮತ ಕೊಟ್ಟರು. ಜೀಟಾ ಬೀಟಾ ಟೌ ಯಹೂದಿಗಳಿಗೆ ಮಾತ್ರ ಎಂಬ ತನ್ನ ನಿಯಮವನ್ನು ಕೈಬಿಟ್ಟದ್ದೂ 1954ರಲ್ಲೇ.

ಅಲ್ಲಿಂದ ಯಹೂದಿ ಹುಡುಗರಿಗೆ ಬೇರೆ ಮನೆಗಳ ಬಾಗಿಲು ಒಂದೊಂದಾಗಿ ತೆರೆಯಿತು. ಬಾಗಿಲು ಮುಚ್ಚಿದ್ದಕ್ಕೆ ಕಟ್ಟಿದ ಮನೆಗೆ ಬಾಗಿಲು ತೆರೆದಾಗ ಬರುವವರು ಕಡಿಮೆಯಾದರು. ಅದೇ ಸಮಯಕ್ಕೆ 1960ರ ದಶಕದ ಹುಡುಗರಿಗೆ ಕೋಟು, ಟೈ, ದೀಕ್ಷೆ ಬೇಡವಾಯಿತು. ವಿಲಿಯಮ್ಸ್ ಕಾಲೇಜು 1962ರಲ್ಲಿ ಫ್ರಟರ್ನಿಟಿ ಪದ್ಧತಿಯನ್ನೇ ಕೈಬಿಡುವ ತೀರ್ಮಾನ ತೆಗೆದುಕೊಂಡಿತು. ಸಣ್ಣ ಸಂಸ್ಥೆಗೆ ಕಚೇರಿ, ಪತ್ರಿಕೆ, ಊರೂರು ತಿರುಗುವ ಕಾರ್ಯದರ್ಶಿ ಇಷ್ಟರ ಖರ್ಚು ಹೊರಲು ಇಂತಿಷ್ಟು ಚಾಪ್ಟರ್ ಬೇಕೇ ಬೇಕು. ಆ ಲೆಕ್ಕ ತಪ್ಪಿದಾಗ ವಿಲೀನ ಬಿಟ್ಟು ದಾರಿ ಇರಲಿಲ್ಲ.

ಶಾಲ್ಮಲಾ

ವಿಲೀನವೇ ಏಕೈಕ ಅಂತ್ಯ ಅಲ್ಲ, ಕಡತಕೋಣೆ ಸರ್. ಮಹಿಳೆಯರ ಕಡೆ ಅಯೋಟಾ ಆಲ್ಫಾ ಪೈ ನೋಡಿ. 1903ರಲ್ಲಿ ನ್ಯೂಯಾರ್ಕಿನ ನಾರ್ಮಲ್ ಕಾಲೇಜಿನಲ್ಲಿ, ಅಂದರೆ ಮುಂದೆ ಹಂಟರ್ ಕಾಲೇಜು ಆದ ಕಡೆ, ಹುಟ್ಟಿದ ಮೊದಲ ಯಹೂದಿ ಸೊರಾರಿಟಿ. ಅದು ಯಾರ ಜೊತೆಯೂ ಸೇರಲಿಲ್ಲ. 1971ರಲ್ಲಿ ಬಾಗಿಲು ಹಾಕಿತು. ನೀವು ಹೇಳಿದ ನಾಲ್ಕರ ಹಳೆಯ ಸದಸ್ಯರಿಗೆ ಇವತ್ತೂ ಜೀಟಾ ಬೀಟಾ ಟೌ ಎಂಬ ವಿಳಾಸವಿದೆ. ಅಯೋಟಾ ಆಲ್ಫಾ ಪೈ ಸದಸ್ಯೆಯರಿಗೆ ಆ ವಿಳಾಸವೂ ಉಳಿಯಲಿಲ್ಲ. ಹೀಗೆ ಮುಚ್ಚಿದ ಸಂಸ್ಥೆಯನ್ನು ಹುಡುಕುವಾಗ ಕೇಂದ್ರ ಕಚೇರಿಗೆ ಪತ್ರ ಬರೆಯುವ ಹೆಜ್ಜೆಯೇ ಇಲ್ಲ. ನೇರ ಕಾಲೇಜಿನ ದಾಖಲೆ ವಿಭಾಗಕ್ಕೇ ಹೋಗಬೇಕು.

ಅಕ್ಷರಬೇಟೆ

ಡಿಜಿಟಲ್ ಸಂಗ್ರಹಗಳಲ್ಲಿ ಹುಡುಕುವವರು ಮೊದಲ ದಿನವೇ ಸೋಲುವುದು ಗ್ರೀಕ್ ಅಕ್ಷರದಿಂದ. ಹಳೆಯ ಇಯರ್‌ಬುಕ್‌ಗಳಲ್ಲಿ (ಕಾಲೇಜಿನ ವಾರ್ಷಿಕ ಸಂಚಿಕೆಗಳಲ್ಲಿ) ಹೆಸರನ್ನು ಗ್ರೀಕ್ ಅಚ್ಚುಮೊಳೆಯಲ್ಲೇ ಜೋಡಿಸುತ್ತಿದ್ದರು. ಅಕ್ಷರ ಗುರುತಿಸುವ ತಂತ್ರಾಂಶವನ್ನು ಹೆಚ್ಚಾಗಿ ಇಂಗ್ಲಿಷ್‌ಗೆ ಮಾತ್ರ ಹೊಂದಿಸಿರುತ್ತಾರೆ. ಫೈ ಅಕ್ಷರವನ್ನು ಸೊನ್ನೆ ಎಂದೋ ಇಂಗ್ಲಿಷ್ 'ಓ' ಎಂದೋ ಓದುತ್ತದೆ. ಸಿಗ್ಮಾ ಅದಕ್ಕೆ 'ಇ' ಅಥವಾ 2. ಡೆಲ್ಟಾ 'ಎ'. ಪೈ ಒಮ್ಮೆ 'ಎಚ್', ಒಮ್ಮೆ ಜೋಡಿ 'ಐ'. ಕಾಪಾ ಮತ್ತು ನ್ಯೂ ಮಾತ್ರ ಇಂಗ್ಲಿಷ್ 'ಕೆ', 'ಎನ್' ಥರವೇ ಇರುವುದರಿಂದ ಸರಿಯಾಗಿ ಬರುತ್ತವೆ, ಆದರೆ ಎರಡೇ ಅಕ್ಷರಕ್ಕೆ ಸಾವಿರಾರು ಬೇಡದ ಫಲಿತಾಂಶ.

ಹೀಗಾಗಿ ಇಯರ್‌ಬುಕ್‌ನಲ್ಲಿ ಹುಡುಕು ಪೆಟ್ಟಿಗೆಯನ್ನು ನಂಬಬೇಡಿ. ಪುಸ್ತಕದ ಕೊನೆಗಿರುವ ಸೂಚಿ ತೆರೆಯಿರಿ, ಫ್ರಟರ್ನಿಟಿ ವಿಭಾಗದ ಪುಟ ಹಿಡಿಯಿರಿ, ಕಣ್ಣಿಂದಲೇ ನೋಡಿ. ಒಂದು ಸಂಪುಟಕ್ಕೆ ಹತ್ತು ನಿಮಿಷ ಸಾಕು. ಕಾಲೇಜು ಪತ್ರಿಕೆಗಳಲ್ಲಿ ಉಲ್ಟಾ. ದಿನಪತ್ರಿಕೆಯ ಮುದ್ರಣಾಲಯದಲ್ಲಿ ಗ್ರೀಕ್ ಮೊಳೆ ಇರುತ್ತಿದ್ದದ್ದು ಅಪರೂಪ, ಹೆಸರನ್ನು ಇಂಗ್ಲಿಷ್‌ನಲ್ಲಿ ಬಿಡಿಸಿ ಬರೆಯುತ್ತಿದ್ದರು. ಅಲ್ಲಿ ಹುಡುಕು ಪೆಟ್ಟಿಗೆ ಕೆಲಸ ಮಾಡುತ್ತದೆ. ಪೂರ್ತಿ ಹೆಸರಿನ ಜೊತೆ ಬಳಕೆಯ ಮೊಟಕು ಹೆಸರನ್ನೂ ಹಾಕಿ: "ಫೈ ಎಪ್", "ಫೈ ಸಿಗ್ ಡೆಲ್ಟ್". ಬರೀ "ಫೈ ಸಿಗ್" ಹಾಕಿದರೆ ಫೈ ಸಿಗ್ಮಾ ಕಾಪಾ ಬಂದು ತುಂಬಿಕೊಳ್ಳುತ್ತದೆ.

ಎಲ್ಲಿ ನೋಡಬೇಕು? ಕೊಲಂಬಿಯಾಕ್ಕೆ "ಕೊಲಂಬಿಯನ್" ಇಯರ್‌ಬುಕ್ ಮತ್ತು "ಸ್ಪೆಕ್ಟೇಟರ್" ಪತ್ರಿಕೆ. ಸಿಟಿ ಕಾಲೇಜಿಗೆ "ಮೈಕ್ರೋಕಾಸಂ" ಮತ್ತು "ಕ್ಯಾಂಪಸ್". ರಾಚೆಸ್ಟರ್‌ಗೆ "ಇಂಟರ್‌ಪ್ರೆಸ್". ಜಾರ್ಜ್ ವಾಷಿಂಗ್ಟನ್‌ಗೆ "ಚೆರಿ ಟ್ರೀ" ಮತ್ತು "ಹ್ಯಾಚೆಟ್". ಒಂದು ಎಚ್ಚರಿಕೆ: ಆ ಕಾಲದಲ್ಲಿ ಅನೇಕ ಕಾಲೇಜುಗಳ ಇಯರ್‌ಬುಕ್ ಹೊರತರುತ್ತಿದ್ದವರು ಮೂರನೇ ವರ್ಷದವರು, ಬೆನ್ನಿನ ಮೇಲೆ ಹಾಕುತ್ತಿದ್ದದ್ದು ತಮ್ಮ ಪದವಿಯ ವರ್ಷ. ಬೆನ್ನಿನ ಮೇಲೆ 1913 ಇದ್ದರೆ ಒಳಗಿನ ಸುದ್ದಿ 1911–12ರದ್ದಾಗಿರಬಹುದು. ಇದನ್ನು ಮರೆತು "ಫ್ರಟರ್ನಿಟಿ ಎರಡು ವರ್ಷ ತಡವಾಗಿ ಹುಟ್ಟಿತು" ಎಂದು ಬರೆದವರಿದ್ದಾರೆ.

ಹೆಸರಿನ ಗೊಂದಲವೂ ಕಡಿಮೆಯಲ್ಲ. ಈಟಾ ಕಾಪಾ ನ್ಯೂ ಅಂದರೆ 1904ರಲ್ಲಿ ಇಲಿನಾಯ್‌ನಲ್ಲಿ ಹುಟ್ಟಿದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಗೌರವ ಸಂಘ. ಥೀಟಾ ಕಾಪಾ ನ್ಯೂ 1924ರಲ್ಲಿ ಮಿಸ್ಸೂರಿಯಲ್ಲಿ ಹುಟ್ಟಿ 1939ರಲ್ಲಿ ಲ್ಯಾಂಬ್ಡಾ ಕೈ ಆಲ್ಫಾ ಸೇರಿದ ಬೇರೆಯೇ ಫ್ರಟರ್ನಿಟಿ. ಇವೆರಡಕ್ಕೂ ನಮ್ಮ ಕಾಪಾ ನ್ಯೂಗೂ ಸಂಬಂಧವಿಲ್ಲ. ಫೈ ಆಲ್ಫಾ ಹುಡುಕಿದರೆ ಇತಿಹಾಸ ವಿಷಯದ ಫೈ ಆಲ್ಫಾ ಥೀಟಾ, ಕಾನೂನಿನ ಫೈ ಆಲ್ಫಾ ಡೆಲ್ಟಾ, ಇಲಿನಾಯ್ ಕಾಲೇಜಿನ 1845ರ ಫೈ ಆಲ್ಫಾ ಸಾಹಿತ್ಯ ಸಂಘ, ಎಲ್ಲ ಒಟ್ಟಿಗೆ ಬರುತ್ತವೆ. ಹೆಸರಿನ ಜೊತೆ ಕಾಲೇಜಿನ ಹೆಸರು ಹಾಗೂ ವರ್ಷ, ಎರಡೂ ಕೂಡಿ ಬಂದರೆ ಮಾತ್ರ ಟಿಪ್ಪಣಿ ಮಾಡಿಕೊಳ್ಳಿ.

ಮಲೆನಾಡಮಳೆ

ಬ್ಯಾಡ್ಜ್ ಬಗ್ಗೆ ಬರೆಯುತ್ತೇನೆ. ಹಳೆಯ ಸಾಮಾನಿನ ಹರಾಜಿನಲ್ಲಿ ಇವು ಬರುತ್ತಲೇ ಇರುತ್ತವೆ, ಮಾರುವವರಿಗೆ ಏನೆಂದೇ ಗೊತ್ತಿರುವುದಿಲ್ಲ.

ಸದಸ್ಯನ ಬ್ಯಾಡ್ಜ್ ಹೆಬ್ಬೆಟ್ಟಿನ ಉಗುರಿನಷ್ಟು. ಮುಂದೆ ಎನಾಮೆಲ್ ಮೇಲೆ ಅಕ್ಷರ, ಸುತ್ತ ಅಕ್ಕಿಕಾಳಿನ ಅರ್ಧದಷ್ಟು ಸಣ್ಣ ಮುತ್ತುಗಳ ಸಾಲು. ಪಕ್ಕದಿಂದ ಕೂದಲೆಳೆಯಂಥ ಸರಪಳಿ ಇಳಿದು ಇನ್ನೊಂದು ಪುಟ್ಟ ಪಿನ್ನಿಗೆ ಕೂಡಿಕೊಂಡಿರುತ್ತದೆ. ಅದಕ್ಕೆ ಗಾರ್ಡ್ ಅನ್ನುತ್ತಾರೆ, ಅದರ ಮೇಲಿನ ಒಂದು ಅಥವಾ ಎರಡು ಗ್ರೀಕ್ ಅಕ್ಷರ ಚಾಪ್ಟರಿನ ಹೆಸರು. ಮುತ್ತು, ಸರಪಳಿ ಇಲ್ಲದ ಸಾದಾ ಬ್ಯಾಡ್ಜೂ ಉಂಟು. ಪ್ಲೆಜ್ ಪಿನ್ ಬೇರೆ. ಅದು ಸಾದಾ ಲೋಹ, ಹೆಸರು ಕೆತ್ತಿರುವುದಿಲ್ಲ, ದೀಕ್ಷೆಯಾದ ಮೇಲೆ ಹಿಂದಕ್ಕೆ ಕೊಡಬೇಕಾದದ್ದು.

ಇತಿಹಾಸ ಇರುವುದು ಹಿಂಬದಿಯಲ್ಲಿ. ಹೆಸರು ಅಥವಾ ಇನಿಷಿಯಲ್, ಚಾಪ್ಟರ್, ದೀಕ್ಷೆಯ ದಿನ, ಕೆಲವೊಮ್ಮೆ ಸದಸ್ಯ ಸಂಖ್ಯೆ, 10 ಅಥವಾ 14 ಕ್ಯಾರೆಟ್ ಮುದ್ರೆ, ತಯಾರಕರ ಮುದ್ರೆ. ಕೆತ್ತನೆ ಸವೆದಿದ್ದರೆ ನೇರ ಬೆಳಕಿನಲ್ಲಿ ಕಾಣುವುದಿಲ್ಲ. ಕತ್ತಲ ಕೋಣೆಯಲ್ಲಿ ಬ್ಯಾಡ್ಜನ್ನು ಕಪ್ಪು ಬಟ್ಟೆಯ ಮೇಲೆ ಕವುಚಿ ಇಟ್ಟು, ಟಾರ್ಚನ್ನು ಮೇಜಿಗೆ ತಾಗಿಸಿದಂತೆ ಅಡ್ಡ ಹಿಡಿಯಿರಿ. ನಾಲ್ಕು ದಿಕ್ಕಿನಿಂದ ನಾಲ್ಕು ಫೋಟೋ. ಒಂದು ದಿಕ್ಕಿನಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಎದ್ದು ಬರುತ್ತದೆ. ಪೆನ್ಸಿಲ್ ಪುಡಿ, ಸುಣ್ಣದ ಪುಡಿ ತಿಕ್ಕಬೇಡಿ, ಗೆರೆಯೊಳಗೆ ಕೂತರೆ ತೆಗೆಯುವುದು ಕಷ್ಟ.

ತಯಾರಕರ ಮುದ್ರೆಯಿಂದ ಕಾಲದ ಒಂದು ತುದಿ ಸಿಗುತ್ತದೆ. ಮ್ಯಾಸಚೂಸೆಟ್ಸ್‌ನ ಆಟಲ್‌ಬರೋದ ಬ್ಯಾಲ್ಫೋರ್ ಕಂಪನಿ ಶುರುವಾದದ್ದೇ 1913ರಲ್ಲಿ. ಅದರ ಮುದ್ರೆ ಇರುವ ಬ್ಯಾಡ್ಜ್ "1911ರ ಸ್ಥಾಪಕ ಸದಸ್ಯನದ್ದು" ಎಂದು ಯಾರಾದರೂ ಮಾರಿದರೆ, ಆ ಬ್ಯಾಡ್ಜ್ ಸ್ಥಾಪನೆಯ ದಿನ ಮಾಡಿದ್ದಲ್ಲ ಎಂಬುದಂತೂ ಖಚಿತ. ಆಮೇಲೆ ಮಾಡಿಸಿಕೊಂಡಿರಬಹುದು.

ತೊಳೆಯುವ ವಿಷಯ. ಸಣ್ಣ ಮುತ್ತುಗಳು ಅಂಟಿನಿಂದ ಕೂತಿರುತ್ತವೆ. ಬಿಸಿನೀರಲ್ಲಿ ನೆನೆಹಾಕಿದರೆ ಅಂಟು ಬಿಟ್ಟು ಮುತ್ತು ಉದುರುತ್ತದೆ. ಅಲ್ಟ್ರಾಸಾನಿಕ್ ಯಂತ್ರ, ಅಮೋನಿಯಾ, ಹುಣಸೆಹುಳಿ, ಬೆಳ್ಳಿ ತೊಳೆಯುವ ದ್ರಾವಣ ಯಾವುದೂ ಬೇಡ. ಹುಳಿ ಮುತ್ತಿನ ಹೊಳಪನ್ನೇ ತಿನ್ನುತ್ತದೆ. ಒಣ ಮೆತ್ತನೆ ಬ್ರಷ್, ಬೇಕಾದರೆ ಹಿಂಬದಿಗೆ ಮಾತ್ರ ಒದ್ದೆ ಹತ್ತಿಕಡ್ಡಿ. ಅಷ್ಟೇ.

ಅಕ್ಷರಬೇಟೆ

@ಮಲೆನಾಡಮಳೆ ಅವರೇ, ಗಾರ್ಡ್ ನಂಬಿ ಚಾಪ್ಟರ್ ಹೇಳಬಹುದೇ? ಸರಪಳಿ ಬದಲಾಯಿಸಿರುವ ಸಾಧ್ಯತೆ ಇರುತ್ತದಲ್ಲ.

ಮಲೆನಾಡಮಳೆ

ಗಾರ್ಡ್ ಒಂದನ್ನೇ ನಂಬಬಾರದು. ವ್ಯಾಪಾರಿಗಳು ಬೇರೆ ಬ್ಯಾಡ್ಜಿನ ಗಾರ್ಡ್ ತಂದು ಕೂಡಿಸುತ್ತಾರೆ. ಹಿಂಬದಿಯ ಚಾಪ್ಟರ್ ಅಕ್ಷರವೂ ಗಾರ್ಡಿನ ಅಕ್ಷರವೂ ಒಂದೇ ಆಗಿರಬೇಕು, ಸರಪಳಿಯ ಕೊಂಡಿಗಳು ಎರಡೂ ತುದಿಯಲ್ಲಿ ಒಂದೇ ಬಣ್ಣದ ಚಿನ್ನವಾಗಿರಬೇಕು. ಆಮೇಲೆ ಆ ಹೆಸರು ಆ ವರ್ಷದ ಇಯರ್‌ಬುಕ್‌ನಲ್ಲಿ ಸಿಗಬೇಕು. ಮೂರೂ ಕೂಡಿದರೆ ಬರೆದುಕೊಳ್ಳಿ. ಇನ್ನೊಂದು, ವಿಲೀನದ ನಂತರವೂ ಹಳೆಯ ಸದಸ್ಯರು ತಮ್ಮ ಮೊದಲಿನ ಬ್ಯಾಡ್ಜನ್ನೇ ಧರಿಸಬಹುದು. 1975ರ ಫೋಟೋದಲ್ಲಿ ಕಾಪಾ ನ್ಯೂ ಬ್ಯಾಡ್ಜ್ ಕಂಡರೆ ಕಾಪಾ ನ್ಯೂ ಆಗಲೂ ಇತ್ತು ಎಂದಲ್ಲ.

ಶಾಲ್ಮಲಾ

ಮನೆಗಳನ್ನು ಹುಡುಕುವ ಬಗ್ಗೆ.

ಚಾಪ್ಟರ್ ಮನೆಯ ಮಾಲೀಕತ್ವ ಕೇಂದ್ರ ಫ್ರಟರ್ನಿಟಿಯ ಹೆಸರಲ್ಲಿರುವುದು ಅಪರೂಪ. ಹಳೆಯ ವಿದ್ಯಾರ್ಥಿಗಳು ಬೇರೆ ಒಂದು ಹೌಸ್ ಕಾರ್ಪೊರೇಷನ್ ನೋಂದಾಯಿಸಿ, ಅದರ ಹೆಸರಲ್ಲಿ ಸಾಲ ತೆಗೆದು ಮನೆ ಕೊಂಡಿರುತ್ತಾರೆ. ಸಂಸ್ಥೆ ಮುಳುಗಿದರೂ ಮನೆ ಉಳಿಯಲಿ ಎಂಬ ಉದ್ದೇಶ. ಆದ್ದರಿಂದ ಕೌಂಟಿ ನೋಂದಣಿ ಕಚೇರಿಯ ಕ್ರಯಪತ್ರ ಸೂಚಿಯಲ್ಲಿ "ಕಾಪಾ ನ್ಯೂ" ಎಂದು ನೋಡಿ ಸಿಗದಿದ್ದರೆ ನಿರಾಶರಾಗಬೇಡಿ. ಹೆಜ್ಜೆ ಹೀಗಿರಲಿ. ಮೊದಲು ಇಯರ್‌ಬುಕ್‌ನಿಂದ ಅಥವಾ ಊರಿನ ವಿಳಾಸ ಡೈರೆಕ್ಟರಿಯಿಂದ ಬೀದಿ, ಮನೆ ಸಂಖ್ಯೆ ಹಿಡಿಯಿರಿ. ಬೀದಿಯ ಸಂಖ್ಯೆಗಳು ಆಮೇಲೆ ಬದಲಾಗಿರಬಹುದು, ಅದಕ್ಕಾಗಿ ಸ್ಯಾನ್‌ಬಾರ್ನ್ ಅಗ್ನಿವಿಮೆ ನಕ್ಷೆಯಲ್ಲಿ ಅದೇ ಮನೆ ಗುರುತಿಸಿ. ಆ ನಕ್ಷೆಗಳಲ್ಲಿ ಫ್ರಟರ್ನಿಟಿ ಮನೆ ಎಂಬ ಮೊಟಕು ಬರಹ ಕಟ್ಟಡದೊಳಗೇ ಇರುತ್ತದೆ. ಬಣ್ಣದಿಂದ ಇಟ್ಟಿಗೆಯದೋ ಮರದ್ದೋ ಎಂದೂ ತಿಳಿಯುತ್ತದೆ. ಆಮೇಲೆ ಆ ನಿವೇಶನದ ಕ್ರಯಪತ್ರದಿಂದ ಹಿಂದಕ್ಕೆ ಹೋಗಿ. ಕಾರ್ಪೊರೇಷನ್ ಹೆಸರು ಅಲ್ಲಿ ಸಿಗುತ್ತದೆ. ಆ ಹೆಸರನ್ನು ರಾಜ್ಯದ ಕಂಪನಿ ನೋಂದಣಿಯಲ್ಲಿ ಹುಡುಕಿದರೆ ಸ್ಥಾಪನೆ, ವಿಸರ್ಜನೆಯ ದಿನ, ನಿರ್ದೇಶಕರ ಹೆಸರು ಬರುತ್ತವೆ. ಮನೆ ಮಾರಿದ ದಿನವನ್ನು ಚಾಪ್ಟರ್ ಮುಚ್ಚಿದ ದಿನ ಎಂದು ಬರೆಯಬೇಡಿ. ಎರಡರ ನಡುವೆ ವರ್ಷಗಳೇ ಕಳೆದಿರಬಹುದು.

ಸಿಟಿ ಕಾಲೇಜಿನವರಿಗೆ ಈ ದಾರಿ ನಡೆಯುವುದಿಲ್ಲ. ರೊಟ್ಟಿಯವರು ಹೇಳಿದಂತೆ ಎಲ್ಲರೂ ಮನೆಯಿಂದ ಬರುವವರು. ಮಹಡಿಯ ಮೇಲೊಂದು ಬಾಡಿಗೆ ಕೋಣೆ ಇದ್ದರೆ ಅದೇ ಮನೆ. ಬಾಡಿಗೆ ಕೋಣೆ ನಕ್ಷೆಗೂ ಬರುವುದಿಲ್ಲ, ಕ್ರಯಪತ್ರಕ್ಕೂ ಬರುವುದಿಲ್ಲ. ಅಲ್ಲಿ ಕಾಲೇಜು ಪತ್ರಿಕೆಯ ಸಭೆ ಪ್ರಕಟಣೆಗಳೇ ಗತಿ.

ಜೋಳದರೊಟ್ಟಿ

ಭಾಳ ಛಲೋ ಹೇಳಿದ್ರಿ ಅಕ್ಕಾರ. ಕಾಗದಪತ್ರ ಎಲ್ಲಿ ಅದಾವ ಅನ್ನೂದನ್ನೂ ಯಾರರ ಹೇಳ್ರಿ.

ಕಡತಕೋಣೆ

ಫೈ ಎಪ್ಸಿಲಾನ್ ಪೈಯ ಕೇಂದ್ರ ಕಡತಗಳು ನ್ಯೂಯಾರ್ಕಿನ ಅಮೆರಿಕನ್ ಯಹೂದಿ ಇತಿಹಾಸ ಸಂಘದಲ್ಲಿವೆ. ಮ್ಯಾನ್‌ಹಾಟನ್‌ನ ಪಶ್ಚಿಮ 16ನೇ ಬೀದಿಯ ಯಹೂದಿ ಇತಿಹಾಸ ಕೇಂದ್ರದ ಕಟ್ಟಡವೇ ಅದು. ಕಾಪಾ ನ್ಯೂ ಬಗ್ಗೆ ಕೆಲಸ ಮಾಡುವವರು ಅಲ್ಲಿ "ಕಾಪಾ ನ್ಯೂ" ಎಂದಷ್ಟೇ ಕೇಳಿ ಸುಮ್ಮನಾಗಬಾರದು. 1961ರ ಆಸುಪಾಸಿನ ಫೈ ಎಪ್ ಪತ್ರವ್ಯವಹಾರವನ್ನೂ ಕೇಳಬೇಕು. ಹೋಗುವ ಮೊದಲು ಕಡತಸೂಚಿ ಓದಿ ಪೆಟ್ಟಿಗೆ ಸಂಖ್ಯೆ, ಫೋಲ್ಡರ್ ಸಂಖ್ಯೆ ಬರೆದು ಕಳಿಸಿ. ಉಗ್ರಾಣದಿಂದ ಪೆಟ್ಟಿಗೆ ತರಿಸಲು ಸಮಯ ಹಿಡಿಯಬಹುದು. ಕಾಲೇಜಿನ ಕಡೆ ಡೀನ್ ಕಚೇರಿಯ ಕಡತ ಕೇಳಿ. ಮಾನ್ಯತೆ ಕೊಟ್ಟ ಪತ್ರ, ಅಂಕಗಳ ಸರಾಸರಿ, ಶಿಸ್ತಿನ ಪತ್ರ ಅಲ್ಲಿರುತ್ತವೆ. ಒಬ್ಬ ವಿದ್ಯಾರ್ಥಿಯ ವೈಯಕ್ತಿಕ ಕಡತ ಮಾತ್ರ ವಿದ್ಯಾರ್ಥಿ ದಾಖಲೆಗಳ ಗೋಪ್ಯತೆ ಕಾಯುವ 1974ರ ಫರ್ಪಾ ಕಾಯ್ದೆಯಿಂದಾಗಿ ಸುಲಭಕ್ಕೆ ಸಿಗುವುದಿಲ್ಲ. ಸಂಘದ ಕಡತ ಕೇಳಿ, ವ್ಯಕ್ತಿಯ ಕಡತ ಕೇಳಬೇಡಿ.

ಚಾಪ್ಟರ್‌ಗಳ ಪಟ್ಟಿಗೆ ಅಮೆರಿಕದ ಕಾಲೇಜು ಫ್ರಟರ್ನಿಟಿಗಳ ಬೇರ್ಡ್ ಕೈಪಿಡಿಯೇ ಮೊದಲ ಮೆಟ್ಟಿಲು. 1879ರಲ್ಲಿ ಮೊದಲ ಆವೃತ್ತಿ, 1991ರಲ್ಲಿ 20ನೆಯದು. ಒಂದೇ ಆವೃತ್ತಿ ನೋಡಿ ಪಟ್ಟಿ ಮಾಡಿದರೆ ಎಡವುತ್ತೀರಿ. ವಿಲೀನದ ಮೊದಲಿನದು ಒಂದು, ನಂತರದ್ದು ಒಂದು, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.

ಪಟ್ಟಿಗೆ ಈ ಕಂಬಸಾಲುಗಳು ಬೇಕು: ಕಾಲೇಜಿನ ಆಗಿನ ಹೆಸರು, ಈಗಿನ ಹೆಸರು, ಚಾಪ್ಟರ್ ಅಕ್ಷರ, ಸನ್ನದಿಗೆ ಮೊದಲಿನ ಸ್ಥಳೀಯ ಸಂಘ, ಸನ್ನದಿನ ದಿನ, ಕಾಲೇಜು ಮಾನ್ಯತೆಯ ದಿನ, ಮುಚ್ಚಿದ ದಿನ, ಮತ್ತೆ ತೆರೆದ ದಿನ, ವಿಲೀನದ ನಂತರ ಏನಾಯಿತು, ಪ್ರತಿ ಮಾಹಿತಿ ಎಲ್ಲಿಂದ. ಸನ್ನದಿನ ದಿನ ಮತ್ತು ಮಾನ್ಯತೆಯ ದಿನ ಬೇರೆ ಕಂಬದಲ್ಲೇ ಇರಲಿ. ಹುಡುಗರು ಮೊದಲು ಸೇರಿದ ದಿನ, ಕೇಂದ್ರ ಒಪ್ಪಿದ ದಿನ, ಕಾಲೇಜು ಒಪ್ಪಿದ ದಿನ ಮೂರೂ ಬೇರೆ ಬೇರೆ. ಒಬ್ಬೊಬ್ಬರು ಒಂದೊಂದನ್ನು "ಸ್ಥಾಪನೆ" ಎಂದು ಕರೆದು ಜಗಳ ಹತ್ತುತ್ತದೆ. 1943ರಿಂದ 1946ರ ಖಾಲಿ ಜಾಗವನ್ನು ಮುಚ್ಚಿದ್ದು ಎಂದು ಬರೆಯುವ ಮೊದಲು ಯುದ್ಧದ ಕಾರಣಕ್ಕೆ ಕೆಲಕಾಲ ನಿಂತದ್ದೇ ಎಂದು ನೋಡಿ.

ಚಾಪ್ಟರ್ ಅಕ್ಷರದ ಗೋಜಲು ವಿಲೀನದಲ್ಲಿ ಇಮ್ಮಡಿಯಾಗುತ್ತದೆ. ಪ್ರತಿ ಫ್ರಟರ್ನಿಟಿಗೂ ಒಂದು ಆಲ್ಫಾ ಚಾಪ್ಟರ್ ಇರುತ್ತದೆ. ಎರಡು ಸೇರಿದಾಗ ಒಬ್ಬರು ಹೆಸರು ಬಿಡಬೇಕು. ಒಂದೇ ಕಾಲೇಜಿನಲ್ಲಿ ಎರಡರದ್ದೂ ಚಾಪ್ಟರ್ ಇದ್ದರೆ ಇನ್ನೂ ಕಷ್ಟ. ನಿನ್ನೆ ತನಕ ರಷ್‌ನಲ್ಲಿ ಎದುರಾಳಿ, ಇವತ್ತು ಒಂದೇ ಮನೆ. ಕೆಲವರು ಒಂದಾಗುತ್ತಾರೆ, ಕೆಲವರು ಸ್ಥಳೀಯ ಸಂಘವಾಗಿ ಉಳಿಯುತ್ತಾರೆ, ಕೆಲವರು ಬೇರೆ ರಾಷ್ಟ್ರೀಯ ಸಂಘಟನೆಗೆ ಹೋಗುತ್ತಾರೆ. ಹಾಗಾಗಿ "ವಿಲೀನವಾಯಿತು" ಎಂದು ಎಲ್ಲ ಸಾಲಿಗೂ ಒಂದೇ ಪದ ತುಂಬಬೇಡಿ. ಸದಸ್ಯರ ಎಣಿಕೆಯಲ್ಲೂ ಹೀಗೇ. ಪ್ಲೆಜ್‌ಗಳ ಪಟ್ಟಿಯನ್ನು ಸದಸ್ಯರ ಪಟ್ಟಿಗೆ ಕೂಡಿಸಿದರೆ ಲೆಕ್ಕ ಉಬ್ಬುತ್ತದೆ. ದೀಕ್ಷೆಯಾಗದವನು ಸದಸ್ಯನಲ್ಲ.

ಮಲೆನಾಡಮಳೆ

ಕಾಂಪೊಸಿಟ್ ಬಗ್ಗೆ ಯಾರೂ ಹೇಳಲಿಲ್ಲ. ಆ ವರ್ಷದ ಎಲ್ಲ ಸದಸ್ಯರ ಸಣ್ಣ ಸಣ್ಣ ಮುಖಚಿತ್ರಗಳನ್ನು ಒಂದೇ ಹಲಗೆಗೆ ಅಂಟಿಸಿ, ಕೆಳಗೆ ಹೆಸರು ಬರೆದು ಕಟ್ಟು ಹಾಕಿಸಿದ ದೊಡ್ಡ ಫೋಟೋ ಅದು. ಚಾಪ್ಟರ್ ಮುಚ್ಚಿದಾಗ ಕಾಗದ ಕಸಕ್ಕೆ ಹೋದರೂ ಇದು ಯಾರದೋ ಅಟ್ಟದ ಮೇಲೆ ಉಳಿದಿರುತ್ತದೆ, ದೊಡ್ಡದು ಎಂಬ ಕಾರಣಕ್ಕೇ.

ಸಿಕ್ಕರೆ ಮೊದಲು ಗಾಜು ತೆಗೆಯಲು ಹೋಗಬೇಡಿ. ತೇವಕ್ಕೆ ಫೋಟೋದ ಮೇಲ್ಪದರ ಗಾಜಿಗೆ ಅಂಟಿರುತ್ತದೆ, ಎಳೆದರೆ ಮುಖವೇ ಗಾಜಿನ ಜೊತೆ ಬರುತ್ತದೆ. ಗಾಜಿನ ಮೇಲಿಂದಲೇ ಫೋಟೋ ತೆಗೆಯಿರಿ. ಕಟ್ಟನ್ನು ಗೋಡೆಗೆ ಒರಗಿಸಿ, ಎರಡೂ ಪಕ್ಕದಿಂದ 45 ಡಿಗ್ರಿಯಲ್ಲಿ ದೀಪ, ಕ್ಯಾಮೆರಾ ನೇರ ಎದುರು, ಕ್ಯಾಮೆರಾ ಹಿಂದೆ ಕಪ್ಪು ಬಟ್ಟೆ. ಫ್ಲ್ಯಾಶ್ ಬೇಡ. ಮೊದಲು ಇಡೀ ಚಿತ್ರ, ಆಮೇಲೆ ಭಾಗ ಭಾಗವಾಗಿ, ಪ್ರತಿ ಭಾಗ ಮುಂದಿನದರ ಮೇಲೆ ಮೂರನೇ ಒಂದು ಪಾಲು ಹಾಯ್ದಿರಲಿ. ಹೆಸರಿನ ಸಾಲು ಓದಲು ಬರುತ್ತದೆಯೇ ಎಂದು ಅಲ್ಲೇ ಪರದೆಯಲ್ಲಿ ಹಿಗ್ಗಿಸಿ ನೋಡಿ. ಹಿಂಬದಿಯ ಸ್ಟುಡಿಯೋ ಚೀಟಿಯನ್ನೂ ಬಿಡಬೇಡಿ, ವರ್ಷ ಅಲ್ಲೇ ಸಿಗುವುದು.

ನಡಾವಳಿ ಪುಸ್ತಕ ಸಿಕ್ಕರೆ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಬಿಡಿ ಫೋಟೋಗಳಿಗೆ 600. ತುಕ್ಕು ಹಿಡಿದ ಪಿನ್ನನ್ನು ಎಳೆಯದೆ ಹಿಂಬದಿಯ ಕಾಲು ನೆಟ್ಟಗೆ ಮಾಡಿ ಬಿಡಿಸಿ. ನಡುವೆ ಇಟ್ಟಿರುವ ಪತ್ರಿಕಾ ತುಣುಕುಗಳನ್ನು ಬೇರೆ ಲಕೋಟೆಗೆ ಹಾಕಿ, ಯಾವ ಪುಟಗಳ ನಡುವೆ ಇತ್ತು ಎಂದು ಲಕೋಟೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ. ಪತ್ರಿಕೆ ಕಾಗದದ ಆಮ್ಲ ಪಕ್ಕದ ಪುಟಕ್ಕೂ ಹತ್ತಿ ಕಂದು ಚೌಕ ಬೀಳುತ್ತದೆ.

ಹಡ್ಸನ್ ತೀರ

ಈ ಎಳೆ ಓದುವ ಅಮೆರಿಕ ಕನ್ನಡಿಗರಿಗೆ ಒಂದು ಮಾತು. ಇದೇ ಬಗೆಯ ಸಂಸ್ಥೆಗಳು ಈಗ ನಮ್ಮ ಮಕ್ಕಳ ನಡುವೆ ಇವೆ. ಸಿಗ್ಮಾ ಬೀಟಾ ರೋ 1996ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ, ಡೆಲ್ಟಾ ಎಪ್ಸಿಲಾನ್ ಸೈ 1998ರಲ್ಲಿ ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ, ಬೀಟಾ ಕೈ ಥೀಟಾ 1999ರಲ್ಲಿ ಲಾಸ್ ಏಂಜಲಿಸ್‌ನಲ್ಲಿ, ಹೆಣ್ಣುಮಕ್ಕಳ ಡೆಲ್ಟಾ ಫೈ ಒಮೇಗಾ 1998ರಲ್ಲಿ ಹ್ಯೂಸ್ಟನ್‌ನಲ್ಲಿ ಹುಟ್ಟಿದವು. ದಕ್ಷಿಣ ಏಷ್ಯಾ ಮೂಲದ ವಿದ್ಯಾರ್ಥಿಗಳು ಕಟ್ಟಿದವು ಇವೆಲ್ಲ. 1911ರ ರಾಚೆಸ್ಟರ್ ಹುಡುಗರಿಗೂ ಇವರಿಗೂ ಹೋಲಿಕೆ ಇದೆ, ಆದರೆ ಇವರ ಕಾಲದಲ್ಲಿ ಬೇರೆ ಮನೆಗಳ ನಿಯಮಾವಳಿ ಬಾಗಿಲು ಮುಚ್ಚಿರಲಿಲ್ಲ ಎಂಬ ವ್ಯತ್ಯಾಸವನ್ನೂ ಮರೆಯಬಾರದು.

ಇವರ ಕಾಗದಪತ್ರದ ಸ್ಥಿತಿ ಕಾಪಾ ನ್ಯೂಗಿಂತ ನಾಜೂಕು. ಕಾಪಾ ನ್ಯೂಗೆ ಕಾಗದವಾದರೂ ಇತ್ತು. 1998ರ ಚಾಪ್ಟರಿನ ಮೊದಲ ನಡಾವಳಿ ಇರುವುದು ಕಾಲೇಜು ಕೊಟ್ಟ ಇಮೇಲ್ ಖಾತೆಯಲ್ಲಿ, ಪದವಿಯಾದ ಮೇಲೆ ಖಾತೆ ಮುಚ್ಚಿತು ಎಂದರೆ ಮುಗಿಯಿತು.

ಕಡತಕೋಣೆ

ಹಾಗಾದರೆ ಚಾಪ್ಟರ್‌ನಲ್ಲಿರುವ ಮಕ್ಕಳಿಗೆ ಇಷ್ಟು ತಲುಪಿಸಿ. ಪ್ರತಿ ವರ್ಷ ಮೇ ತಿಂಗಳಲ್ಲಿ, ಪದಾಧಿಕಾರಿಗಳು ಬದಲಾಗುವ ಮೊದಲು, ಐದು ವಸ್ತುವನ್ನು ಕಾಲೇಜಿನ ದಾಖಲೆ ವಿಭಾಗಕ್ಕೆ ಕೊಡಿ: ಸದಸ್ಯರ ಪಟ್ಟಿ, ನಿಯಮಾವಳಿಯ ಆ ವರ್ಷದ ರೂಪ, ನಡಾವಳಿ, ಲೆಕ್ಕಪತ್ರ, ಹೆಸರು ಬರೆದ ಗುಂಪು ಫೋಟೋ. ಕೊಡುವಾಗ ದಾನಪತ್ರಕ್ಕೆ ಸಹಿ ಬೇಕಾಗುತ್ತದೆ, ಯಾರು ಯಾವಾಗಿನಿಂದ ನೋಡಬಹುದು ಎಂದು ಅದರಲ್ಲೇ ಬರೆಸಿ. ಗುಟ್ಟಿನ ವಿಧಿಯ ಪುಸ್ತಕ ಅದರೊಳಗೆ ಸೇರಬಾರದು, ಆಮೇಲೆ ವಾಪಸು ಕೇಳುವುದು ಕಷ್ಟ.

ಕಡತದ ಹೆಸರು ವರ್ಷದಿಂದ ಶುರುವಾಗಲಿ, ಆಮೇಲೆ ತಿಂಗಳು, ದಿನ, ಚಾಪ್ಟರ್, ವಿಷಯ. "ಕೊನೆಯದು", "ಹೊಸದು" ಎಂಬ ಹೆಸರಿನ ಕಡತವನ್ನು ಐದು ವರ್ಷದ ನಂತರ ಯಾರೂ ಗುರುತಿಸಲಾರರು. ಮುದ್ರಿಸಿದ ಒಂದು ಪ್ರತಿ ಜೊತೆಗಿರಲಿ.

ಜೋಳದರೊಟ್ಟಿ

ಫೋಟೋದ ಹಿಂದ ಹೆಸರು ಬರೆಯೂಮುಂದ ಬಾಲ್ ಪೆನ್ ಬ್ಯಾಡ್ರಿ, ಒತ್ತಿದ ಗೆರಿ ಮುಖದ ಮ್ಯಾಲೆ ಮೂಡತೈತಿ. ಮೆತ್ತನ ಪೆನ್ಸಿಲ್ ತಗೊಂಡು, ಎಡದಿಂದ ಬಲಕ್ಕ, ಹಿಂದಿನ ಸಾಲು ಮೊದಲ ಅಂತ ಬರೀರಿ. ಅಡ್ಡಹೆಸರು ಬರದ್ರ ಪೂರ್ತಿ ಹೆಸರೂ ಬಾಜೂಕ ಇರಲಿ.